ಹೊರಸಿನಿಂದ ಕುರ್ಚಿಗೆ: ಎತ್ತುವವರ ನಡ, ಏಳಲಾಗದವರ ಹೆಗಲು

ಲಕ್ವಾ ಹೊಡೆದು ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಬೆಳಗಿನ ಮೊದಲ ಕೆಲಸ ಅವರನ್ನು ಎತ್ತಿ ಕೂರಿಸುವುದು. ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿಯಲ್ಲಾಗಲಿ, ಶಿರಹಟ್ಟಿ, ಮುಂಡರಗಿ ಸೀಮೆಯ ಇನ್ನಾವ ಊರಲ್ಲಾಗಲಿ ಈ ಕೆಲಸ ನಡೆಯುವ ಬಗೆ ಹೆಚ್ಚುಕಡಿಮೆ ಒಂದೇ. ಮಗ ಒಂದು ಬದಿಗೆ, ಸೊಸೆ ಇನ್ನೊಂದು ಬದಿಗೆ. ಮಗ ದುಡಿಯಲು ಹೊರಗೆ ಹೋಗಿದ್ದರೆ ಓಣಿಯ ಹುಡುಗರಲ್ಲಿ ಯಾರನ್ನಾದರೂ ಕೂಗುತ್ತಾರೆ. ‘ಬಗಲಾಗ ಕೈ ಹಾಕ್ರಿ... ಹಾಂ, ಈಗ ಎತ್ರಿ’ ಎನ್ನುತ್ತಿದ್ದಂತೆ ಹೊರಸಿನ ಮೇಲಿದ್ದ ದೇಹ ಅರೆಗಳಿಗೆ ತೂಗಾಡಿ ಪಕ್ಕದ ಕುರ್ಚಿಗೆ ಕುಸಿಯುತ್ತದೆ. ನಾಲ್ಕು ಅಡಿಯ ದೂರ, ಹತ್ತು ಸೆಕೆಂಡಿನ ಕೆಲಸ. ಬಚ್ಚಲಿಗೆ, ಊಟಕ್ಕೆ, ಬಿಸಿಲು ಕಾಯಿಸಲು, ಮತ್ತೆ ಹಾಸಿಗೆಗೆ ಎಂದು ದಿನಕ್ಕೆ ಹಲವು ಸಲ ಇದೇ ನಡೆಯುತ್ತದೆ.

ಆ ಹತ್ತು ಸೆಕೆಂಡಿನಲ್ಲಿ ಪೆಟ್ಟು ತಿನ್ನುವುದು ಎರಡು ದೇಹಗಳು.

ಮೊದಲನೆಯದು ಮಲಗಿದವರದು. ತೋಳಿನ ಮೂಳೆಯ ಗುಂಡು ತುದಿಯನ್ನು ಹೆಗಲಿನ ಆಳವಿಲ್ಲದ ಗುಣಿಯಲ್ಲಿ ಹಿಡಿದಿಡುವ ಕೆಲಸ ಬಹುಪಾಲು ಸುತ್ತಲಿನ ಸ್ನಾಯುಗಳದ್ದು. ಲಕ್ವಾ ಬಡಿದ ಬದಿಯಲ್ಲಿ ಆ ಸ್ನಾಯುಗಳೇ ಸಡಿಲವಾಗಿರುತ್ತವೆ. ಬಗಲಿಗೆ ಕೈ ಕೊಟ್ಟು ಮೇಲೆತ್ತಿದಾಗ ದೇಹದ ತೂಕ ಆ ಸಡಿಲ ಕೀಲಿನಿಂದ ಜೋತುಬೀಳುತ್ತದೆ. ಕೀಲು ಅರೆಬರೆ ಜಾರಬಹುದು, ಸುತ್ತಲಿನ ನಾರುಗಳು ಹರಿಯಬಹುದು. ‘ಹೆಗಲು ಸೇದತೈತಿ’ ಎಂದು ರೋಗಿ ನರಳಿದರೆ ಲಕ್ವಾದ ನೋವೇ ಇರಬೇಕು ಅಂದುಕೊಂಡು ಮನೆಯವರು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಆ ನೋವಿನಲ್ಲಿ ಎಷ್ಟೋ ಪಾಲು ಎತ್ತಿದ ರೀತಿಯಿಂದ ಬಂದಿರುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಬಗಲಿಗೆ ಕೈ ಹಾಕಿ ಎತ್ತುವ ಕ್ರಮವನ್ನು ಕೈಬಿಟ್ಟು ದಶಕಗಳೇ ಆದವು. ನಮ್ಮಲ್ಲಿ ಅದು ಇಂದಿಗೂ ಆಸ್ಪತ್ರೆಯ ವಾರ್ಡಿನಲ್ಲೇ ಕಾಣಸಿಗುತ್ತದೆ. ಮನೆಯವರು ಅದನ್ನೇ ನೋಡಿ ಕಲಿತು ಊರಿಗೆ ಮರಳುತ್ತಾರೆ.

ಪೂರ್ತಿ ಎತ್ತಲಾಗದೆ ಹಾಸಿಗೆಯ ಮೇಲೆ ಎಳೆದಾಡಿದರೆ ಇನ್ನೊಂದು ಹಾನಿ. ಚರ್ಮ ಚಾದರಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಒಳಗಿನ ಮೂಳೆ ಮುಂದಕ್ಕೆ ಸರಿಯುತ್ತದೆ. ನಡುವೆ ಸಿಕ್ಕಿದ ಸಣ್ಣ ರಕ್ತನಾಳಗಳು ಜಗ್ಗಿ ತಿರುಚಿಕೊಳ್ಳುತ್ತವೆ. ಟೊಂಕದ ಕೆಳಗಿನ ಬಾಲಮೂಳೆಯ ಬಳಿ, ಹಿಮ್ಮಡಿಯಲ್ಲಿ ಮೊದಲು ಒಂದು ಕೆಂಪು ಮಚ್ಚೆ, ಆಮೇಲೆ ಹಾಸಿಗೆ ಹುಣ್ಣು. ಒಂದೇ ಮಗ್ಗುಲಲ್ಲಿ ಮಲಗಿದ್ದರಿಂದ ಹುಣ್ಣಾಯಿತೆಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಎಳೆದಾಟದ ಪಾಲೂ ಅದರಲ್ಲಿದೆ ಎಂಬುದನ್ನು ಹೇಳುವವರು ಕಡಿಮೆ.

ಎರಡನೆಯ ದೇಹ ಎತ್ತುವವರದು. ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ, ಸೊಸೆ, ಮಗಳು ಅಥವಾ ತಾಯಿ. ಗದಗದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರ ಕೆಲಸಕ್ಕಿಂತ ಇದು ಹಗುರವೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಚೀಲ ಗಟ್ಟಿಯಾಗಿ ಕೂತಿರುತ್ತದೆ, ಹಮಾಲ ಅದನ್ನು ಬೆನ್ನಿಗೆ ಒತ್ತಿಕೊಂಡು ನೆಟ್ಟಗೆ ನಡೆಯುತ್ತಾನೆ. ಮನುಷ್ಯನ ದೇಹ ನಡುವೆ ಕುಸಿಯುತ್ತದೆ, ಒಂದು ಬದಿಗೆ ವಾಲುತ್ತದೆ, ಬೀಳುವ ಭಯದಲ್ಲಿ ಎತ್ತುವವರ ಕೊರಳನ್ನೇ ಬಿಗಿದಪ್ಪುತ್ತದೆ. ಎತ್ತುವವರು ಹೊರಸಿನ ಮೇಲೆ ಬಾಗಿ, ಕೈಗಳನ್ನು ಮುಂದಕ್ಕೆ ಚಾಚಿ, ಮೇಲೆತ್ತುತ್ತಲೇ ಸೊಂಟ ತಿರುಗಿಸಬೇಕು. ಭಾರ ಮೈಯಿಂದ ದೂರವಿದ್ದಷ್ಟೂ ಬೆನ್ನುಮೂಳೆಯ ಕೆಳಗಿನ ಡಿಸ್ಕುಗಳ ಮೇಲಿನ ಒತ್ತಡ ಏರುತ್ತದೆ. ಬಾಗುವುದು, ಎತ್ತುವುದು, ತಿರುಗುವುದು ಮೂರೂ ಕೂಡಿದರೆ ಬೆನ್ನಿಗೆ ಅದಕ್ಕಿಂತ ಕೆಟ್ಟ ಭಂಗಿಯಿಲ್ಲ.

ಎಷ್ಟು ಭಾರ ಎತ್ತಬಹುದು ಎಂಬುದಕ್ಕೆ ಲೆಕ್ಕ ಉಂಟು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಿಯೋಶ್‌ನ ಸೂತ್ರದ ಪ್ರಕಾರ, ಎಲ್ಲ ಅನುಕೂಲವಿದ್ದಾಗ ಒಬ್ಬರು ಎತ್ತಬಹುದಾದ ಪೆಟ್ಟಿಗೆಯಂಥ ವಸ್ತುವಿನ ಮಿತಿ 23 ಕಿಲೊ. ಅದೇ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳನ್ನು ಎತ್ತುವವರಿಗೆ ಆ ಮಿತಿಯನ್ನು ಸುಮಾರು 16 ಕಿಲೊಗೆ ಇಳಿಸಿದರು. ಅದಕ್ಕಿಂತ ಹೆಚ್ಚು ಭಾರ ಬರುವುದಾದರೆ ಸಾಧನ ಬಳಸಿ ಎಂಬುದು ಅವರ ಸಲಹೆ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಮರಾಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರು ಕೂಡಿ ಎತ್ತಿದರೂ ಬೆನ್ನಿಗೆ ಅಪಾಯ ತಪ್ಪುವುದಿಲ್ಲವೆಂದು ಕಂಡುಬಂತು. ಹುಷಾರಾಗಿ ಎತ್ತಿದರೆ ಸಾಕು, ಮಂಡಿ ಬಗ್ಗಿಸಿ ಎತ್ತಿದರೆ ಸಾಕು ಎಂಬ ಉಪದೇಶ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಸ್ಲಿಂಗ್. ಕುಣಿಕೆಗಳು ಅಥವಾ ಹಿಡಿಕೆಗಳು ಇರುವ ಒಂದು ಗಟ್ಟಿ ಬಟ್ಟೆ, ಅಷ್ಟೇ. ಇದರಲ್ಲಿ ಎರಡು ಬಗೆ.

ಮೊದಲನೆಯದು ಕೈಯಿಂದ ಹಿಡಿದೆತ್ತುವುದು. ಇಕ್ಕೆಲಗಳಲ್ಲಿ ಆರೋ ಎಂಟೋ ಹಿಡಿಕೆ ಹೊಲಿದ ಹಾಳೆಯನ್ನು ರೋಗಿಯ ಅಡಿಗೆ ಹಾಸಿ, ನಾಲ್ಕೈದು ಜನ ಹಿಡಿದು ಸಾಗಿಸುತ್ತಾರೆ. ಆಂಬುಲೆನ್ಸಿನವರು ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಬಳಸುವುದು ಇಂಥದ್ದನ್ನೇ. ಬಗಲು, ಮೊಣಕೈ, ಕಾಲು ಜಗ್ಗುವುದು ತಪ್ಪುತ್ತದೆ, ಹಿಡಿತ ಜಾರುವುದಿಲ್ಲ. ಆದರೆ ಭಾರ ಎಲ್ಲಿಗೂ ಹೋಗುವುದಿಲ್ಲ. 60 ಕಿಲೊ ತೂಕದವರನ್ನು ನಾಲ್ವರು ಎತ್ತಿದರೆ ತಲಾ 15 ಕಿಲೊ ಎಂದು ಗಣಿತ ಹೇಳುತ್ತದೆ. ದೇಹದ ಭಾರ ಹಾಗೆ ಸಮನಾಗಿ ಹಂಚಿಕೆಯಾಗಿಲ್ಲ. ತಲೆ, ಮುಂಡ, ತೋಳುಗಳೇ ಒಟ್ಟು ತೂಕದ ಮೂರರಲ್ಲಿ ಎರಡು ಪಾಲು. ಹಾಗಾಗಿ ತಲೆಯ ಕಡೆ ನಿಂತ ಇಬ್ಬರಿಗೆ ತಲಾ 20 ಕಿಲೊ ಬೀಳುತ್ತದೆ, ಕಾಲಿನ ಕಡೆಯವರಿಗೆ ಹತ್ತು. ಗಟ್ಟಿಮುಟ್ಟಾದವರು ಭುಜದ ಬಳಿ ನಿಲ್ಲಬೇಕು, ಸಾಧ್ಯವಾದರೆ ಅಲ್ಲಿ ಇನ್ನಿಬ್ಬರು ಸೇರಬೇಕು. ಈ ಬಗೆಯ ಸ್ಲಿಂಗ್ ಆಂಬುಲೆನ್ಸಿಗೆ ಸಾಗಿಸುವಂಥ ಅನಿವಾರ್ಯ ಹೊತ್ತಿಗೆ ಸರಿ. ದಿನವೂ ಹಾಸಿಗೆಯಿಂದ ಕುರ್ಚಿಗೆ ಕೂರಿಸಲು ನಾಲ್ಕು ಆಳು ಯಾವ ಮನೆಯಲ್ಲಿದ್ದಾರೆ?

ದಿನನಿತ್ಯಕ್ಕೆ ಬೇಕಾದದ್ದು ಎರಡನೆಯ ಬಗೆ, ಲಿಫ್ಟಿಗೆ ನೇತುಹಾಕುವ ಸ್ಲಿಂಗ್. ಗಾಲಿಗಳ ಮೇಲೆ ನಿಂತ ಕಂಬ, ಅದರಿಂದ ಚಾಚಿದ ತೋಳು, ತೋಳಿನ ತುದಿಗೆ ಕೊಕ್ಕೆಗಳಿರುವ ಅಡ್ಡಪಟ್ಟಿ. ಕಾರಿನ ಜಾಕ್‌ನಂತೆ ಹೈಡ್ರಾಲಿಕ್ ಪಂಪನ್ನು ಕೈಯಿಂದ ಒತ್ತಿದರೆ ತೋಳು ಮೇಲೇರುತ್ತದೆ, ಕರೆಂಟು ಬೇಕಿಲ್ಲ. ಬ್ಯಾಟರಿಯಿಂದ ನಡೆಯುವವೂ ಉಂಟು. ಈ ಸಾಧನವನ್ನು ಮನೆಮಾತಾಗಿಸಿದವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಟೆಡ್ ಹೋಯರ್. ಹರೆಯದಲ್ಲಿ ಆದ ವಾಹನ ಅಪಘಾತದಿಂದ ಅವರ ಕೈಕಾಲುಗಳ ಸ್ವಾಧೀನ ಹೋಗಿತ್ತು. ತನ್ನನ್ನು ಎತ್ತಲು ಮನೆಯವರು ಪಡುವ ಪಾಡನ್ನು ಅವರು ಕಂಡಿದ್ದು ಎತ್ತಿಸಿಕೊಳ್ಳುವವರ ಜಾಗದಿಂದ. ಅಲ್ಲಿಂದ ಹುಟ್ಟಿದ ಲಿಫ್ಟಿಗೆ ಇಂದಿಗೂ ಜಗತ್ತಿನ ಎಷ್ಟೋ ಕಡೆ ಅವರ ಹೆಸರೇ ಇದೆ.

ಲಿಫ್ಟ್ ಭಾರ ಎತ್ತುತ್ತದೆ, ಸರಿ. ರೋಗಿ ಸುಖವಾಗಿ ಏರುವರೋ ನೋವಿನಿಂದ ಏರುವರೋ ಎಂಬುದು ಸ್ಲಿಂಗನ್ನು ಹೇಗೆ ಹಾಕಿದೆವು ಎಂಬುದರ ಮೇಲಿದೆ. ಹಾಗಾಗಿ ಅದನ್ನು ನಿಧಾನವಾಗಿ ನೋಡಬೇಕು.

ಕೈ ಹಚ್ಚುವ ಮೊದಲು ರೋಗಿಗೆ ಹೇಳಬೇಕು. ‘ಎಪ್ಪಾ, ಈಗ ಈ ಕಡಿ ಮಗ್ಗಲಾಗೂಣು’ ಎಂದು ಒಂದು ಮಾತು. ಮಾತಾಡಲಾಗದವರಿಗೂ ಕಿವಿ ಕೇಳುತ್ತದೆ. ಮುಂದೇನಾಗುತ್ತದೆಂದು ಗೊತ್ತಿದ್ದ ದೇಹ ಬಿಗಿದುಕೊಳ್ಳುವುದಿಲ್ಲ. ಆಮೇಲೆ ಅವರನ್ನು ಮಗ್ಗುಲಿಗೆ ಹೊರಳಿಸಿ, ಸ್ಲಿಂಗಿನ ಅರ್ಧವನ್ನು ಮಡಿಕೆ ಮಾಡಿ ಬೆನ್ನಿಗೆ ಒತ್ತಿ ಇಡಬೇಕು. ಸ್ಲಿಂಗಿನ ನಡುಗೆರೆ ಬೆನ್ನುಮೂಳೆಯ ನೇರಕ್ಕೆ, ಕೆಳ ಅಂಚು ಬಾಲಮೂಳೆಯ ಮಟ್ಟಕ್ಕೆ ಬರಬೇಕು. ಇನ್ನೊಂದು ಮಗ್ಗುಲಿಗೆ ಹೊರಳಿಸಿ ಉಳಿದರ್ಧವನ್ನು ಬಿಡಿಸಿದರೆ ಒಮ್ಮೆಯೂ ಎತ್ತದೆ ಬಟ್ಟೆ ಇಡೀ ಬೆನ್ನಿನಡಿ ಬಂದಿರುತ್ತದೆ. ಕಾಲಿನ ಪಟ್ಟಿಗಳನ್ನು ತೊಡೆಯ ಅಡಿಯಿಂದ ತೂರಿಸಿ, ಸಾಮಾನ್ಯವಾಗಿ ಒಂದರೊಳಗೊಂದು ಅಡ್ಡ ಹಾಯಿಸಿ ಕೊಕ್ಕೆಗೆ ಹಾಕುತ್ತಾರೆ; ಮುಂದಕ್ಕೆ ಜಾರಿ ಬೀಳುವುದು ಇದರಿಂದ ತಪ್ಪುತ್ತದೆ. ತೊಡೆಯಡಿ ಬಟ್ಟೆ ಸುಕ್ಕುಗಟ್ಟಿದರೆ ಅದೇ ಗೆರೆಯಲ್ಲಿ ಚರ್ಮ ಕೊರೆಯುತ್ತದೆ. ಅಂಗೈಯಿಂದ ಒಮ್ಮೆ ಸವರಿ ನೋಡುವುದು ಒಳ್ಳೆಯ ರೂಢಿ.

ಪಟ್ಟಿಗಳಿಗೆ ಬೇರೆ ಬೇರೆ ಉದ್ದದ ಕುಣಿಕೆಗಳಿರುತ್ತವೆ, ಬಣ್ಣದಿಂದ ಗುರುತು ಹಿಡಿಯಬಹುದು. ಭುಜದ ಕಡೆ ಗಿಡ್ಡ ಕುಣಿಕೆ, ಕಾಲಿನ ಕಡೆ ಉದ್ದ ಕುಣಿಕೆ ಹಾಕಿದರೆ ರೋಗಿ ಹೆಚ್ಚು ನೆಟ್ಟಗೆ ಕೂತು ಏರುತ್ತಾರೆ, ಅದಲುಬದಲು ಮಾಡಿದರೆ ಒರಗಿಕೊಳ್ಳುತ್ತಾರೆ. ಯಾವುದೇ ಆದರೂ ಎಡಬಲಕ್ಕೆ ಒಂದೇ ಬಣ್ಣ ಇರಬೇಕು. ಕತ್ತು ನಿಲ್ಲದವರಿಗೆ ತಲೆಯ ಆಸರೆಯಿರುವ ಸ್ಲಿಂಗೇ ಬೇಕು. ಶೌಚಕ್ಕೆಂದು ಹಿಂಬದಿ ಹೆಚ್ಚು ತೆರೆದಿರುವ ಬಗೆಯೊಂದಿದೆ. ಅದು ಅನುಕೂಲವೇ, ಆದರೆ ಮುಂಡದ ಮೇಲೆ ಹಿಡಿತವಿಲ್ಲದವರು ಅದರಿಂದ ಜಾರಬಹುದು.

ಎಲ್ಲಕ್ಕಿಂತ ಮುಖ್ಯವಾದ ಗಳಿಗೆ ರೋಗಿ ಹಾಸಿಗೆಯಿಂದ ಎರಡು ಬೆರಳಷ್ಟು ಮೇಲೆದ್ದಾಗ ಬರುತ್ತದೆ. ಅಲ್ಲಿ ಪಂಪು ನಿಲ್ಲಿಸಬೇಕು. ಎಲ್ಲ ಕುಣಿಕೆಗಳೂ ಕೊಕ್ಕೆಯ ತಳಕ್ಕೆ ಕೂತಿವೆಯೇ, ದೇಹ ಒಂದು ಬದಿಗೆ ವಾಲಿದೆಯೇ, ಮುಖದಲ್ಲಿ ನೋವಿದೆಯೇ ಎಂದು ನೋಡಬೇಕು. ಏನೇ ತಪ್ಪಿದ್ದರೂ ಈಗ ಇಳಿಸಿದರೆ ಅವರು ಇಳಿಯುವುದು ಹಾಸಿಗೆಗೇ. ಮೂರು ಅಡಿ ಏರಿದ ಮೇಲೆ ಕಂಡರೆ ಆ ಅವಕಾಶ ಇರುವುದಿಲ್ಲ.

ಹೊಸಬರು ತಪ್ಪುವ ಇನ್ನೊಂದು ಜಾಗ ಬ್ರೇಕು. ಗಾಲಿಕುರ್ಚಿಯ ಬ್ರೇಕು ಹಾಕಿರಲೇಬೇಕು. ನೆಲದ ಮೇಲೆ ಓಡುವ ಹೆಚ್ಚಿನ ಲಿಫ್ಟುಗಳ ಬ್ರೇಕನ್ನು ಮಾತ್ರ ಎತ್ತುವಾಗ ಬಿಟ್ಟಿರಬೇಕೆಂದು ತಯಾರಕರೇ ಹೇಳುತ್ತಾರೆ. ಭಾರ ಏರುತ್ತಿದ್ದಂತೆ ಲಿಫ್ಟ್ ಒಂದಿಷ್ಟು ಸರಿದು ಆ ಭಾರದ ಕೇಂದ್ರದ ಕೆಳಗೆ ತಾನೇ ಬಂದು ನಿಲ್ಲುತ್ತದೆ. ಗಾಲಿ ಬಿಗಿದಿದ್ದರೆ ಮಗುಚುವ ಅಪಾಯ. ಲಿಫ್ಟಿನ ಕಾಲುಗಳನ್ನು ಅಗಲಿಸಿರಬೇಕು. ತಂದ ಯಂತ್ರದ ಕೈಪಿಡಿಯನ್ನು ಒಮ್ಮೆ ಓದುವುದು, ಓದಲಾಗದಿದ್ದರೆ ಓದಿಸಿ ಕೇಳುವುದು ಇದಕ್ಕೇ. ಕುರ್ಚಿಗೆ ಕೂರಿಸಿದ ಮೇಲೆ, ಹಾಗೆ ಬಿಡಲೆಂದೇ ಮಾಡಿದ ಸ್ಲಿಂಗ್ ಅಲ್ಲದಿದ್ದರೆ, ಅದನ್ನು ತೆಗೆದುಬಿಡಬೇಕು. ಅದರ ಹೊಲಿಗೆಯ ಮೇಲೇ ಗಂಟೆಗಟ್ಟಲೆ ಕೂತರೆ ಹುಣ್ಣಿಗೆ ದಾರಿಯಾಗುತ್ತದೆ.

ಬಿದ್ದು ಬೆನ್ನು, ಕತ್ತಿಗೆ ಆಗಷ್ಟೇ ಪೆಟ್ಟಾದವರಿಗೆ ಇದಾವುದೂ ಸಲ್ಲದು. ಬೆನ್ನುಹುರಿಗೆ ಪೆಟ್ಟಾದ ಅನುಮಾನವಿದ್ದರೆ 108ಕ್ಕೆ ಕರೆ ಮಾಡಿ, ಗಟ್ಟಿ ಹಲಗೆ ಬರುವ ತನಕ ಅಲುಗಿಸದೆ ಇರುವುದೇ ಸರಿ.

ಶಿಗ್ಲಿಯಂಥ ಊರಿನಲ್ಲಿ ಈ ಲಿಫ್ಟಿಗೆ ಎದುರಾಗುವುದು ಮೊದಲು ಹೊಸ್ತಿಲು. ಸಣ್ಣ ಗಾಲಿ ಅದನ್ನು ದಾಟುವುದಿಲ್ಲ. ರೋಗಿ ನೇತಾಡುತ್ತಿರುವಾಗ ದಾಟಿಸಲು ಹೋಗಲೂಬಾರದು. ಹಾಗಾಗಿ ಲಿಫ್ಟನ್ನು ಮಲಗುವ ಜಾಗದಲ್ಲೇ ಇಟ್ಟು ಗಾಲಿಕುರ್ಚಿಗೆ ಕೂರಿಸಿ, ಮುಂದಿನ ದಾರಿಯನ್ನು ಕುರ್ಚಿಯಲ್ಲೇ ಸಾಗಿಸಬೇಕು. ಎರಡನೆಯ ಅಡ್ಡಿ ಮಂಚ. ಲಿಫ್ಟಿನ ಕಾಲು ಮಂಚದಡಿ ನುಗ್ಗಬೇಕು. ಕಾಲುಗಳಿರುವ ಹಳೆಯ ಹೊರಸು ಇದಕ್ಕೆ ತಕ್ಕುದು, ಅಡಿಯಲ್ಲಿ ಪೆಟ್ಟಿಗೆಯಿರುವ ದಿವಾನ ತಕ್ಕುದಲ್ಲ. ಮಾಳಿಗೆ ಮನೆಗಳಲ್ಲಿ ತೊಲೆ ಕಂಡ ಕೂಡಲೇ ‘ಇದಕ್ಕ ಹಗ್ಗ ಕಟ್ಟಿದ್ರ ಆತಲ್ಲ’ ಎಂಬ ಯೋಚನೆ ಬರುವುದು ಸಹಜ. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಸೂರಿಗೆ ಹಳಿ ಜೋಡಿಸಿದ ಲಿಫ್ಟುಗಳು ಬಳಕೆಯಲ್ಲಿವೆ ಎಂಬುದೂ ನಿಜ. ಅಲ್ಲಿ ಸೂರಿನ ತಾಕತ್ತನ್ನು ಲೆಕ್ಕ ಹಾಕಿಯೇ ಜೋಡಿಸುತ್ತಾರೆ. ಗೆದ್ದಲು ಹಿಡಿದ, ಮಳೆನೀರು ಕುಡಿದ ತೊಲೆಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸದೆ ನಂಬುವಂತಿಲ್ಲ.

ಇನ್ನು ಬಟ್ಟೆ. ಶಿಗ್ಲಿ ನೇಕಾರರ ಊರು. ಹಾಸು ಹೊಕ್ಕುಗಳ ಲೆಕ್ಕ ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ನೂಲು ಎಲ್ಲಿ ಸವೆದರೆ ಬಟ್ಟೆ ಎಲ್ಲಿಂದ ಹರಿಯಲು ಶುರುವಾಗುತ್ತದೆಂದು ಮಗ್ಗದ ಮುಂದೆ ಕೂತವರಿಗೆ ಗೊತ್ತು. ಸ್ಲಿಂಗಿಗೆ ಪಾಲಿಯೆಸ್ಟರ್ ಅಥವಾ ನೈಲಾನನ್ನೇ ಆರಿಸಿರುವುದಕ್ಕೆ ಕಾರಣ, ಬೆವರು, ಮೂತ್ರ, ಪದೇಪದೇ ಒಗೆತಕ್ಕೆ ಹತ್ತಿ ಬೇಗ ಶಿಥಿಲವಾಗುತ್ತದೆ. ಭಾರ ಹೊರುವುದು ನಡುವಿನ ಬಟ್ಟೆಗಿಂತ ಅದರ ಸುತ್ತ ಓಡುವ ದಪ್ಪ ಪಟ್ಟಿ, ಆ ಪಟ್ಟಿಯನ್ನು ಹಿಡಿದಿರುವ ಹೊಲಿಗೆ. ಹಳೆಯ ಧೋತರ, ಸೀರೆ, ಕೌದಿಗಳಲ್ಲಿ ಇದಾವುದೂ ಇಲ್ಲ. ಊರಿನ ದರ್ಜಿ ಆಕಾರವನ್ನು ಥೇಟ್ ಹಾಗೇ ಹೊಲಿದುಕೊಟ್ಟಾರು, ಆದರೆ ಆ ಹೊಲಿಗೆ ಎಷ್ಟು ಕಿಲೊ ತಡೆಯುತ್ತದೆಂದು ಯಾರೂ ಜಗ್ಗಿ ನೋಡಿರುವುದಿಲ್ಲ. ಇಂಥ ಲಿಫ್ಟ್ ಮತ್ತು ಸ್ಲಿಂಗುಗಳ ಪರೀಕ್ಷೆಗೆ ಐಎಸ್‌ಒ 10535 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕೊಳ್ಳುವಾಗ ಎಷ್ಟು ಭಾರಕ್ಕೆ ಯೋಗ್ಯ ಎಂಬ ಚೀಟಿ ಹೊಲಿದಿದೆಯೇ ನೋಡಬೇಕು; ಚೀಟಿ ಅಳಿಸಿಹೋದ ಸ್ಲಿಂಗನ್ನು ಬಳಸಬಾರದು. ಒಗೆಯುವ ಕಲ್ಲಿಗೆ ಬಡಿಯುವುದು, ಬ್ಲೀಚಿಂಗ್ ಪುಡಿ, ಇಸ್ತ್ರಿ ಮೂರೂ ಬೇಡ. ನಮ್ಮ ಬಯಲುಸೀಮೆಯ ಬಿಸಿಲು ನೈಲಾನ್ ನೂಲನ್ನು ಬಲಹೀನ ಮಾಡುತ್ತದೆ, ನೆರಳಲ್ಲೇ ಒಣಗಿಸಬೇಕು. ಬ್ರಿಟನ್ನಿನ 1998ರ ನಿಯಮಗಳ ಪ್ರಕಾರ ಮನುಷ್ಯರನ್ನು ಎತ್ತುವ ಸಾಧನ, ಸ್ಲಿಂಗುಗಳನ್ನು ಆರು ತಿಂಗಳಿಗೊಮ್ಮೆ ಪರಿಣತರು ಪರೀಕ್ಷಿಸಬೇಕು. ನಮ್ಮಲ್ಲಿ ಅಂಥ ವ್ಯವಸ್ಥೆ ಬರುವ ತನಕ, ಪ್ರತಿ ಸಲ ಹಾಕುವ ಮೊದಲು ಕುಣಿಕೆಗಳ ಹೊಲಿಗೆಯನ್ನು ಮನೆಯವರೇ ಬೆಳಕಿಗೆ ಹಿಡಿದು ನೋಡಬೇಕು.

ಎತ್ತುವ ಕೆಲಸ ಎಷ್ಟು ವರ್ಷ ನಡೆಯಬಹುದೆಂದು ತಿಳಿಯಲು ಕಾಸರಗೋಡಿನ ಕಡೆ ನೋಡಬೇಕು. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ ಮೊದಲಾದ ಕನ್ನಡ, ತುಳು ಮಾತಿನ ಹಳ್ಳಿಗಳಲ್ಲಿ ಗೇರು ತೋಟಗಳ ಮೇಲೆ 2000ದ ಸುಮಾರಿನ ತನಕ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯೂ ಇದೇ ಕಥೆ. ಸುಪ್ರೀಂ ಕೋರ್ಟ್ 2011ರಲ್ಲಿ ಈ ಕೀಟನಾಶಕವನ್ನು ತಡೆಯಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಅಲ್ಲಿ ಏಳಲಾಗದೆ ಹುಟ್ಟಿದ ಮಕ್ಕಳು ಈಗ ಮಕ್ಕಳಲ್ಲ. ಒಂದು ಕಾಲಕ್ಕೆ ಸೊಂಟದ ಮೇಲೆ ಹೊತ್ತು ತಿರುಗಿದ ತಾಯಂದಿರೇ ಇಂದು ಮುಪ್ಪಿನಲ್ಲಿ ಬೆಳೆದ ಮಗನನ್ನು, ಮಗಳನ್ನು ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದಾರೆ. ಪರಿಹಾರದ ಮಾತು ಬಂದಾಗಲೆಲ್ಲ ಹಣದ ಮೊತ್ತ ಚರ್ಚೆಯಾಗಿದೆ. ಆ ತಾಯಿಯ ಬೆನ್ನಿನ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಚರ್ಚೆಯಾಗಬೇಕಿತ್ತು.

ಗಾಯವಾಗುವಷ್ಟು ಭಾರವನ್ನು ಕಾರ್ಮಿಕರಿಂದ ಎತ್ತಿಸುವುದನ್ನು ಕಾರ್ಖಾನೆಗಳ ಕಾಯ್ದೆ, 1948ರ 34ನೇ ಸೆಕ್ಷನ್ ತಡೆದಿತ್ತು. ಮನೆಯಲ್ಲಿ ಎತ್ತುವ ಹೆಣ್ಣುಮಗಳಿಗೆ ಅಂಥ ಮಿತಿ ಹಾಕಿದವರಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. ಕರ್ನಾಟಕದ 2024–25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ಒಳ್ಳೆಯ ಹೆಜ್ಜೆ. ಆದರೆ ಲಿಫ್ಟಿಗೆ ಹತ್ತಾರು ಸಾವಿರ ಬೇಕು, ಮಗ್ಗದ ಕೂಲಿಯಲ್ಲೋ ಹೊಲದ ಕೂಲಿಯಲ್ಲೋ ಬದುಕುವ ಮನೆ ಅದನ್ನು ಕೊಳ್ಳಲಾರದು. ಕೊಳ್ಳಬೇಕಾಗಿಯೂ ಇಲ್ಲ. ಒಂದು ಮನೆಗೆ ಆರು ತಿಂಗಳು ಬೇಕಾಗಬಹುದು, ಇನ್ನೊಂದಕ್ಕೆ ಆರು ವರ್ಷ. ಇದು ಊರಿಗೆ ಸೇರಿರಬೇಕಾದ ಸಾಮಾನು.

ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ (ಪ್ಯಾಲಿಯೇಟಿವ್ ಕೇರ್) ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ಮನೆಮನೆಗೆ ನರ್ಸ್‌ಗಳನ್ನು ಕಳಿಸತೊಡಗಿತು. ಅಲ್ಲಿನ ಘಟಕಗಳು ಮಂಚ, ನೀರಿನ ಹಾಸಿಗೆ, ಗಾಲಿಕುರ್ಚಿಗಳನ್ನು ಕಡ ಕೊಟ್ಟು ವಾಪಸು ಪಡೆಯುತ್ತವೆ. ನಮ್ಮ ರಾಜ್ಯದಲ್ಲೂ ಇದಕ್ಕೆ ಬೇಕಾದ ತುಂಡುಗಳೆಲ್ಲ ಬಿಡಿಬಿಡಿಯಾಗಿ ಇವೆ. ಸ್ಥಳೀಯ ಸಂಸ್ಥೆಗಳು ಅನುದಾನದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ಒಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂದು ಆಶಾ ಕಾರ್ಯಕರ್ತೆಯರಿಗೆ ಗೊತ್ತು. ಆ ಶೇ 5ರ ಹಣದಿಂದ ಪಂಚಾಯಿತಿಯೊಂದು ಕೈಪಂಪಿನ ಒಂದು ಲಿಫ್ಟ್ ಕೊಂಡು, ಅದಕ್ಕೆ ಸಣ್ಣ, ನಡುತರದ, ದೊಡ್ಡ ಅಳತೆಯ ಸ್ಲಿಂಗುಗಳನ್ನು ಎರಡೆರಡು ಇಟ್ಟರೆ ಒಂದು ಒಗೆದು ಒಣಗುವಾಗ ಇನ್ನೊಂದು ಬಳಕೆಗೆ ಸಿಗುತ್ತದೆ. ಲಿಫ್ಟ್ ಮನೆಯಿಂದ ಮನೆಗೆ ಹೋಗಬಹುದು. ಸ್ಲಿಂಗ್ ಮಾತ್ರ ಒಬ್ಬರಿಗೆ ಕೊಟ್ಟದ್ದು ಅವರ ಬಳಕೆ ಮುಗಿಯುವ ತನಕ ಅವರದ್ದೇ ಆಗಿರಬೇಕು, ಇಲ್ಲವಾದರೆ ಹುಣ್ಣಿನ ಸೋಂಕೂ ಜೊತೆಗೆ ಹೋಗುತ್ತದೆ.

ಹಣಕ್ಕಿಂತ ಮೊದಲು ಆಗಬಹುದಾದದ್ದು ತರಬೇತಿ. ಗದಗದ ಜಿಮ್ಸ್ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ಚಿಕಿತ್ಸೆ ಮುಗಿಸಿ ಊರಿಗೆ ಹೊರಟ ಕುಟುಂಬದ ಕೈಯಲ್ಲಿ ಮಾತ್ರೆಯ ಚೀಟಿ ಇರುತ್ತದೆ. ಬಿಡುಗಡೆಯ ಹಿಂದಿನ ದಿನ ಫಿಸಿಯೋಥೆರಪಿಸ್ಟ್ ಹತ್ತಿರ ಅರ್ಧ ಗಂಟೆ ಕೇಳಿ ಪಡೆಯಲು ಮನೆಯವರು ಹಿಂಜರಿಯಬಾರದು. ಮಗ್ಗುಲು ಹೊರಳಿಸುವುದು, ಜಾರುವ ನೈಲಾನ್ ಹಾಳೆ ಹಾಕಿ ಹಾಸಿಗೆಯಲ್ಲಿ ಮೇಲಕ್ಕೆ ಸರಿಸುವುದು, ಕೂರಬಲ್ಲವರಿಗೆ ಹಲಗೆಯ ಮೇಲೆ ಜಾರಿಸಿ ಕುರ್ಚಿಗೆ ದಾಟಿಸುವುದು, ಸ್ಲಿಂಗ್ ತೊಡಿಸುವುದು ಇವನ್ನು ಅವರ ಕಣ್ಣೆದುರೇ ಮನೆಯವರು ಮಾಡಿ ತೋರಿಸಬೇಕು. ಲಿಫ್ಟ್ ಸಿಕ್ಕಿದರೆ ಆರೈಕೆ ಮಾಡುವವರು ತಾವೇ ಒಮ್ಮೆ ಸ್ಲಿಂಗಿನಲ್ಲಿ ಕೂತು ಮೇಲೇರಬೇಕು. ತೊಡೆಯಡಿಯ ಸುಕ್ಕು ಎಲ್ಲಿ ಒತ್ತುತ್ತದೆ, ಕಾಲು ನೆಲ ಬಿಟ್ಟಾಗ ಎದೆ ಯಾಕೆ ಝಲ್ಲೆನ್ನುತ್ತದೆ, ಪಂಪು ಯಾವ ವೇಗದಲ್ಲಿ ಒತ್ತಿದರೆ ಹಿತ ಎಂಬುದು ಆಗ ಅವರ ಮೈಗೇ ಗೊತ್ತಾಗುತ್ತದೆ.